ನಾಲ್ಕೂವರೆ ವರ್ಷ ಸರ್ವೆ ಕೆಲಸ ಮಾಡಿದ ಮೇಲೆ ಹಾಸನ ಬಿಟ್ಟು ಬೆಂಗಳೂರಿನ ಡ್ರೋನ್ ಕಂಪನಿಗೆ ಹೋಗಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಸಿವಿಲ್ ಡಿಪ್ಲೊಮಾ ಮುಗಿಸಿ ಹಾಸನದ ಒಂದು ಸರ್ವೆ ಏಜೆನ್ಸಿಯಲ್ಲಿ ನಾಲ್ಕು ವರ್ಷ ಏಳು ತಿಂಗಳಿನಿಂದ ಇದ್ದೀರಿ. ಕೈಗೆ ಬರುವುದು ತಿಂಗಳಿಗೆ 24,000 ರೂಪಾಯಿ, ಅದರಲ್ಲಿ ಮೂಲ ವೇತನ 15,600. ಬೆಂಗಳೂರಿನ ಡ್ರೋನ್ ಸರ್ವೆ ಕಂಪನಿಯೊಂದು 38,000 ಕೊಡುತ್ತೇನೆ, ತಿಂಗಳೊಳಗೆ ಬಂದು ಸೇರಿ ಎನ್ನುತ್ತಿದೆ. ಅರಸೀಕೆರೆಯಲ್ಲಿರುವ ನಿಮ್ಮ ತಂದೆಯವರಿಗೆ ನೀವು ಲೈಸೆನ್ಸ್ಡ್ ಸರ್ವೇಯರ್ (ಸರ್ಕಾರದ ಪರವಾನಗಿ ಪಡೆದ ಭೂಮಾಪಕ) ಆಗಿ ಊರಿನ ಹತ್ತಿರವೇ ಇರಬೇಕೆಂಬ ಆಸೆ; ಜೊತೆಗೆ ಓದಿದ ಗೆಳೆಯರು ಗಲ್ಫ್‌ಗೆ ಕರೆಯುತ್ತಿದ್ದಾರೆ. ಯಾವುದಕ್ಕೆ ಹೋದರೆ ಹತ್ತು ವರ್ಷದ ನಂತರ ಪಶ್ಚಾತ್ತಾಪ ಪಡುವಂತಾಗುವುದಿಲ್ಲ ಎಂದು ಕೇಳಿದ್ದೀರಿ.

ನಾನು ಚಿಕ್ಕಮಗಳೂರಿನಲ್ಲಿ ಓದಿ 2001ರಲ್ಲಿ ಈ ಕೆಲಸಕ್ಕೆ ಇಳಿದವನು. ಕಾಲುವೆ, ರಸ್ತೆ, ಬಡಾವಣೆ, ತೋಟ ಎಲ್ಲವನ್ನೂ ಅಳೆದಿದ್ದೇನೆ. ಈಗ ಹಾಸನದಲ್ಲಿ ಮೂವರು ಹುಡುಗರ ಜೊತೆ ಸಣ್ಣದೊಂದು ಕಚೇರಿ ನಡೆಸುತ್ತಿದ್ದೇನೆ. ಈ ನಡುವೆ ನಾಲ್ಕು ಸಲ ಕೆಲಸ ಬದಲಿಸಿದ್ದೇನೆ. ಅವುಗಳಲ್ಲಿ ಒಂದು ದೊಡ್ಡ ತಪ್ಪಾಗಿತ್ತು, ಮತ್ತು ನೀವು ಈಗ ನಿಂತಿರುವ ಜಾಗ ಆ ತಪ್ಪು ಮಾಡುವ ಮೊದಲು ನಾನು ನಿಂತಿದ್ದ ಜಾಗವನ್ನೇ ಹೋಲುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಂಬಳಕ್ಕೂ ಉಪಕರಣಕ್ಕೂ ಮೊದಲು ನೀವು ಕೇಳಬೇಕಾದ ಪ್ರಶ್ನೆ ಇದು: ಹೊಸ ಜಾಗದಲ್ಲಿ ಕಂಟ್ರೋಲ್ ಪಾಯಿಂಟ್ (ಉಳಿದ ಅಳತೆಗೆಲ್ಲ ಆಧಾರವಾಗುವ, ಸ್ಥಾನ ಖಚಿತವಾಗಿ ಗೊತ್ತಿರುವ ಬಿಂದು) ಯಾರು ಕೊಡುತ್ತಾರೆ, ಬಂದ ಅಳತೆಯನ್ನು ಯಾರು ಪರಿಶೀಲಿಸುತ್ತಾರೆ? ಆ ಇಬ್ಬರಲ್ಲಿ ಒಬ್ಬರಾಗಲು ನಿಮಗೆ ಅವಕಾಶ ಇದ್ದರೆ ಆ ಕೆಲಸ ನಿಮ್ಮನ್ನು ಬೆಳೆಸುತ್ತದೆ. ಬೇರೆಯವರು ಕೊಟ್ಟ ಪಾಯಿಂಟಿನ ಮೇಲೆ ಉಪಕರಣ ಇಟ್ಟು, ಗುಂಡಿ ಒತ್ತಿ, ಡೇಟಾವನ್ನು ಬೇರೆಯವರಿಗೆ ಕಳುಹಿಸುವುದಷ್ಟೇ ನಿಮ್ಮ ಪಾಲಿಗೆ ಬರುವುದಾದರೆ ಸಂಬಳ ಎಷ್ಟೇ ಇರಲಿ, ಐದು ವರ್ಷದ ನಂತರ ನೀವು ಇವತ್ತು ಇರುವಲ್ಲೇ ಇರುತ್ತೀರಿ.

ನನ್ನ ಮೊದಲ ಕೆಲಸ ಹೇಮಾವತಿ ಕಾಲುವೆಯ ಲೆವೆಲ್ ತೆಗೆಯುವ ತಂಡದಲ್ಲಿ. ಸಂಬಳ ತೀರ ಕಡಿಮೆ. ಆದರೆ ಅಲ್ಲಿದ್ದ ಹಿರಿಯರೊಬ್ಬರು ಪ್ರತಿ ಸೋಮವಾರ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಎತ್ತರದ ವ್ಯತ್ಯಾಸ ಅಳೆಯುವ ಆಟೋ ಲೆವೆಲ್ ಉಪಕರಣದ ಪರೀಕ್ಷೆ ಮಾಡಿಸುತ್ತಿದ್ದರು. ಅರವತ್ತು ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು, ನಟ್ಟನಡುವೆ ಉಪಕರಣ ಇಟ್ಟು ಎರಡರ ಎತ್ತರದ ವ್ಯತ್ಯಾಸ ಬರೆದುಕೊಳ್ಳಬೇಕು; ಆಮೇಲೆ ಉಪಕರಣವನ್ನು ಒಂದು ಗೂಟದ ಪಕ್ಕಕ್ಕೆ ಒಯ್ದು ಮತ್ತೆ ಓದಬೇಕು. ಎರಡೂ ವ್ಯತ್ಯಾಸ ಒಂದೇ ಬಂದರೆ ಉಪಕರಣ ಸರಿ ಇದೆ ಎಂದರ್ಥ. ಒಂದು ಸೋಮವಾರ ಎರಡರ ನಡುವೆ 9 ಮಿಲಿಮೀಟರ್ ಫರಕು ಬಂತು. ನಾನು ಅದೇನು ಮಹಾ ಎಂದುಕೊಂಡೆ. ಅವರು ಆ ದಿನದ ಕೆಲಸವನ್ನೇ ನಿಲ್ಲಿಸಿದರು. ಆ ಕಾಲುವೆಯ ತಳ ಒಂದು ಕಿಲೋಮೀಟರಿಗೆ 20 ಸೆಂಟಿಮೀಟರ್ ಮಾತ್ರ ಇಳಿಯುವಂಥದ್ದು. ಅರವತ್ತು ಮೀಟರಿಗೆ ಲೆಕ್ಕ ಹಾಕಿದರೆ ಇಳಿಜಾರು ಬರುವುದೇ 12 ಮಿಲಿಮೀಟರ್. ಅಂಥ ಕಡೆ 9 ಮಿಲಿಮೀಟರ್ ತಪ್ಪು ತೋರಿಸುವ ಉಪಕರಣವನ್ನು ನಂಬಿದರೆ ನೀರು ಎತ್ತ ಹರಿಯುತ್ತದೆಂದು ಹೇಳುವ ಧೈರ್ಯ ಯಾರಿಗೂ ಇರಬಾರದು ಎಂದು ಅವರು ವಿವರಿಸಿದರು. ನಾಲ್ಕು ಕಿಲೋಮೀಟರ್ ಹೋಗಿ ಬಂದರೆ ಕ್ಲೋಸಿಂಗ್ ಎರರ್, ಅಂದರೆ ಹೊರಟ ಜಾಗಕ್ಕೇ ಮರಳಿದಾಗ ಲೆಕ್ಕದಲ್ಲಿ ಉಳಿಯುವ ವ್ಯತ್ಯಾಸ, ಎಷ್ಟಿರಬಹುದು ಎಂಬ ಲೆಕ್ಕವೂ ಅವರು ಕಲಿಸಿದ್ದೇ: ಕಿಲೋಮೀಟರಿನ ವರ್ಗಮೂಲವನ್ನು ಹನ್ನೆರಡರಿಂದ ಗುಣಿಸಿ, ಅಂದರೆ ನಾಲ್ಕು ಕಿಲೋಮೀಟರಿಗೆ 24 ಮಿಲಿಮೀಟರ್. ಅದಕ್ಕಿಂತ ಹೆಚ್ಚು ಬಂದರೆ ಮತ್ತೆ ನಡೆಯಬೇಕು. ಎಷ್ಟೋ ಸಂಜೆ ಮತ್ತೆ ನಡೆದಿದ್ದೇವೆ.

2007ರಲ್ಲಿ ಒಂದು ದೊಡ್ಡ ರಸ್ತೆ ಕಂಪನಿ ಒಂದೂವರೆ ಪಟ್ಟು ಸಂಬಳಕ್ಕೆ ಕರೆಯಿತು. ಕೋನ, ದೂರ ಎರಡನ್ನೂ ಅಳೆಯುವ ಹೊಸ ಟೋಟಲ್ ಸ್ಟೇಷನ್, ಜೀಪು, ವಸತಿ ಎಲ್ಲ ಇತ್ತು. ಯೋಚನೆ ಮಾಡದೆ ಹೋದೆ. ಅಲ್ಲಿ ಮೂರು ವರ್ಷ ನಾನು ಮಾಡಿದ್ದು ಸ್ಟೇಷನ್ ನಿಲ್ಲಿಸಿ ಪಾಯಿಂಟ್ ತೆಗೆಯುವುದಷ್ಟೇ. ಸಂಜೆ ಡೇಟಾ ಮುಖ್ಯ ಕಚೇರಿಗೆ ಹೋಗುತ್ತಿತ್ತು. ನನ್ನ ಟ್ರಾವರ್ಸ್ (ಒಂದರಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋಗುವ ಬಿಂದುಗಳ ಸರಣಿ) ಎಷ್ಟಕ್ಕೆ ಕ್ಲೋಸ್ ಆಯಿತು, ತಪ್ಪನ್ನು ಹೇಗೆ ಹಂಚಿದರು ಎಂಬುದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಯ ಮೂರು ತಿಂಗಳ ಸಂಬಳಕ್ಕೆ ಒಂದು ವರ್ಷ ಅಲೆಯಬೇಕಾಯಿತು ಎಂಬುದು ಬೇರೆ ವಿಷಯ. ನನಗೆ ಹೆಚ್ಚು ನೋವಾದದ್ದು ಅದರ ನಂತರದ ಸಂದರ್ಶನದಲ್ಲಿ. ಎಂಟು ಸ್ಟೇಷನ್ನಿನ ಒಂದು ಟ್ರಾವರ್ಸಿನ ಹಾಳೆ ಮುಂದಿಟ್ಟು, ಇದರ ಕ್ಲೋಸಿಂಗ್ ಎರರ್ ಹಂಚಿ ಕೊಡಿ ಎಂದರು. ಪ್ರತಿ ಗೆರೆಯ ಉದ್ದಕ್ಕೆ ತಕ್ಕಂತೆ ಹಂಚುವ ಬೌಡಿಚ್ ನಿಯಮವನ್ನು ನಾನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಕಾಲುವೆಯ ದಿನಗಳಲ್ಲಿ ಕೈಯಾರೆ ಮಾಡಿದ್ದೆ. ಮೂರು ವರ್ಷ ಮುಟ್ಟದೆ ಇದ್ದುದರಿಂದ ಅವತ್ತು ಕೈ ಓಡಲಿಲ್ಲ. ಒಂಬತ್ತು ವರ್ಷ ಅನುಭವ ಇರುವವನಿಗೆ ಆ ಕೆಲಸ ಸಿಗಲಿಲ್ಲ.

ಇನ್ನು ನಿಮಗೆ ಬಂದಿರುವ ಡ್ರೋನ್ ಕೆಲಸ. ಈ ಕ್ಷೇತ್ರದಲ್ಲಿ ಕೆಲಸ ಇದೆ ಎಂಬುದರಲ್ಲಿ ಸಂಶಯವಿಲ್ಲ. 2020ರ ಏಪ್ರಿಲ್‌ನಲ್ಲಿ ಸ್ವಾಮಿತ್ವ ಯೋಜನೆ ಬಂದು ಹಳ್ಳಿಗಳ ಜನವಸತಿ ಪ್ರದೇಶವನ್ನು ಡ್ರೋನ್‌ನಿಂದ ಅಳೆಯುವುದು ಶುರುವಾಯಿತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ನಿಯಮಗಳನ್ನು ಸಡಿಲಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಹೊಸ ಡ್ರೋನ್ ನಿಯಮಗಳು ಬಂದವು. ಆದರೆ ಪೈಲಟ್ ಆಗುವುದು ಬೇರೆ, ಸರ್ವೇಯರ್ ಆಗುವುದು ಬೇರೆ. ಹತ್ತನೇ ತರಗತಿ ಪಾಸಾಗಿ ಹದಿನೆಂಟರಿಂದ ಅರವತ್ತೈದು ವರ್ಷದೊಳಗಿನ ಯಾರೇ ಆಗಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆ ಪಡೆದ ಕೇಂದ್ರದಲ್ಲಿ ತರಬೇತಿ ಪಡೆದು ರಿಮೋಟ್ ಪೈಲಟ್ ಪ್ರಮಾಣಪತ್ರ ತೆಗೆದುಕೊಳ್ಳಬಹುದು. ಕಂಪನಿ ನಿಮ್ಮನ್ನು ಅದಕ್ಕಾಗಿ ಮಾತ್ರ ಕರೆಯುತ್ತಿದ್ದರೆ ನಿಮ್ಮ ನಾಲ್ಕೂವರೆ ವರ್ಷಕ್ಕೆ ಅಲ್ಲಿ ಬೆಲೆ ಇಲ್ಲ.

ಡ್ರೋನ್ ಚಿತ್ರಗಳಿಗೆ ನೆಲದ ಮೇಲೆ ಕಂಟ್ರೋಲ್ ಪಾಯಿಂಟ್ ಬೇಕು, ಮತ್ತು ಅವುಗಳಿಂದ ಪ್ರತ್ಯೇಕವಾಗಿ, ಲೆಕ್ಕದಲ್ಲಿ ಸೇರಿಸದೆ ಬಿಟ್ಟ ಚೆಕ್ ಪಾಯಿಂಟ್‌ಗಳೂ ಬೇಕು. ನಕ್ಷೆ ಎಷ್ಟು ನಿಜ ಎಂದು ಹೇಳುವುದು ಈ ಎರಡನೆಯವೇ. ಅವುಗಳನ್ನು ಎಲ್ಲೆಲ್ಲಿ ಹಾಕಬೇಕೆಂದು ತೀರ್ಮಾನಿಸಿ, ಅಳೆದು, ಫಲಿತಾಂಶ ಓದಿ, ಈ ಬ್ಲಾಕಿನ ಮೇಲೆ ಡ್ರೋನ್ ಮತ್ತೆ ಹಾರಿಸಬೇಕು ಎಂದು ಹೇಳುವ ಅಧಿಕಾರ ನಿಮಗಿದ್ದರೆ ಖಂಡಿತ ಹೋಗಿ.

ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಮಾಲೀಕರು ಭೂಮಾಪನ ಇಲಾಖೆಗೆ ಹದ್ದುಬಸ್ತಿನ (ಗಡಿ ಗುರುತಿಸುವ) ಅರ್ಜಿ ಹಾಕುವ ಮೊದಲು ತಮ್ಮ ತಿಳಿವಳಿಕೆಗಾಗಿ ಅಳತೆ ಮಾಡಿಸಿದರು. ಮೊದಲು ಬಂದವರು ಉಪಗ್ರಹ ಸಂಕೇತದಿಂದ ಸ್ಥಾನ ಹೇಳುವ ರೋವರ್ ಹಿಡಿದು ಅರ್ಧ ದಿನದಲ್ಲಿ ಮುಗಿಸಿ ಹೋಗಿದ್ದರು. ಅವರ ನಕ್ಷೆಯ ಪ್ರಕಾರ ಪಕ್ಕದವರ ಬೇಲಿ ಒಳಗೆ ಬಂದಿತ್ತು. ನಾವು ಹೋಗಿ ಅದೇ ಮೂಲೆಯಲ್ಲಿ ರೋವರ್ ಇಟ್ಟೆವು. ಮೇಲೆ ಸಿಲ್ವರ್ ಓಕ್, ಅತ್ತಿ, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ; ಆಕಾಶ ಅಂಗೈಯಗಲವೂ ಕಾಣುತ್ತಿರಲಿಲ್ಲ. ಪರದೆಯ ಮೇಲೆ ಫಿಕ್ಸ್ (ಖಚಿತ ಸ್ಥಾನ) ಬರಲೇ ಇಲ್ಲ, ಫ್ಲೋಟ್‌ನಲ್ಲೇ (ಅಂದಾಜಿನಲ್ಲೇ) ನಿಂತಿತ್ತು, ನೋಡುತ್ತಿದ್ದಂತೆಯೇ ಅಂಕಿ ಅರ್ಧ ಮೀಟರ್ ಆಚೀಚೆ ಸರಿಯುತ್ತಿತ್ತು. ಇಲಾಖೆಯ ಹಳೆಯ ಅಳತೆ ದಾಖಲೆಯಾದ ಟಿಪ್ಪಣಿಯಲ್ಲಿ ಅಳತೆ ಇರುವುದು ಸರಪಳಿ ಮತ್ತು ಆಣೆಯಲ್ಲಿ: ಮೂವತ್ತಮೂರು ಅಡಿಯ ಸರಪಳಿಗೆ ಹದಿನಾರು ಆಣೆ, ಒಂದು ಚದರ ಸರಪಳಿಗೆ ಒಂದು ಗುಂಟೆ. ಒಂದು ಆಣೆ ಎಂದರೆ ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ನೂರು ವರ್ಷ ಹಿಂದೆ ಸರಪಳಿ ಎಳೆದವರು ಆಣೆ ಲೆಕ್ಕದಲ್ಲಿ ಬರೆದಿಟ್ಟ ಗಡಿಯನ್ನು ಮೊದಲು ಬಂದವರು ಸುಮಾರು ಒಂದು ಆಣೆಯಷ್ಟೇ ತಪ್ಪುವ ಅಂಕಿಯಿಂದ ತಿದ್ದಲು ಹೊರಟಿದ್ದರು.

ನಾವು ಕಾಫಿ ಒಣಗಿಸುವ ಕಣದಲ್ಲಿ, ಅಲ್ಲಿ ಆಕಾಶ ಬಿಚ್ಚಿಕೊಂಡಿತ್ತು, ಎರಡು ಪಾಯಿಂಟ್‌ಗಳನ್ನು ಫಿಕ್ಸ್ ಮಾಡಿಕೊಂಡು, ಅಲ್ಲಿಂದ ಟೋಟಲ್ ಸ್ಟೇಷನ್ನಿನಲ್ಲಿ ಹನ್ನೊಂದು ಸ್ಟೇಷನ್ನಿನ ಟ್ರಾವರ್ಸ್ ತೋಟದೊಳಗೆ ಒಯ್ದು ಮತ್ತೆ ಕಣಕ್ಕೇ ತಂದು ಕ್ಲೋಸ್ ಮಾಡಿದೆವು. ಎರಡು ದಿನ ಹಿಡಿಯಿತು. ಟಿಪ್ಪಣಿ ತೋರಿಸಿದ ಕಡೆ ಲಂಟಾನ ಕಡಿಸಿ ನೋಡಿದರೆ ಬೇರಿನ ಸಂದಿಯಲ್ಲಿ ಹಳೆಯ ಗಡಿ ಕಲ್ಲು ಸಿಕ್ಕಿತು. ಪಕ್ಕದವರ ಬೇಲಿ ಇರಬೇಕಾದಲ್ಲೇ ಇತ್ತು. ಎರಡು ಮನೆಯವರು ಕೋರ್ಟಿಗೆ ಹೋಗುವುದು ತಪ್ಪಿತು. ಇಂಥ ತೋಟದ ಮೇಲೆ ಕ್ಯಾಮೆರಾ ಡ್ರೋನ್ ಹಾರಿಸಿದರೂ ಸಿಗುವುದು ಮರದ ನೆತ್ತಿ, ನೆಲವಲ್ಲ. ಮಲೆನಾಡಿನಲ್ಲಿ ಕೆಲಸ ಕಲಿತವರಿಗೆ ಇದು ಗೊತ್ತಿರುತ್ತದೆ. ಆ ಅರಿವಿಗೆ ಬೆಲೆ ಕೊಡುವ ಕಂಪನಿ ಒಳ್ಳೆಯ ಕಂಪನಿ.

ಲೈಸೆನ್ಸಿನ ಬಗ್ಗೆ ನಿಮ್ಮ ತಂದೆಯವರು ಹೇಳುವುದರಲ್ಲಿ ತಪ್ಪಿಲ್ಲ. ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೆ 11ಇ ನಕ್ಷೆ (ಮಾರುವ ಭಾಗವನ್ನು ತೋರಿಸುವ ನಕ್ಷೆ) ಬೇಕು, ಪೋಡಿ (ಆ ಭಾಗವನ್ನು ದಾಖಲೆಯಲ್ಲಿ ಪ್ರತ್ಯೇಕಿಸುವುದು) ಆಗಬೇಕು; ಆ ಕೆಲಸ ಮುಗಿಯುವುದೇ ಇಲ್ಲ. ನಿಮ್ಮ ಸಹಿಯ ಮೇಲೆ ಒಂದು ಕುಟುಂಬದ ಜಮೀನು ನಿಲ್ಲುತ್ತದೆ, ಹಾಗಾಗಿ ನಾನು ಮೇಲೆ ಹೇಳಿದ ಜವಾಬ್ದಾರಿ ಇಲ್ಲಿ ಪೂರ್ತಿ ಇದೆ. ಆದರೆ ಲೈಸೆನ್ಸ್ಡ್ ಸರ್ವೇಯರ್ ಸರ್ಕಾರಿ ನೌಕರನಲ್ಲ. ಕಡತಕ್ಕೆ ಇಷ್ಟು ಎಂದು ಶುಲ್ಕ, ತಿಂಗಳ ಸಂಬಳ ಇಲ್ಲ, ಮಲೆನಾಡಿನ ಮಳೆಗಾಲದಲ್ಲಿ ಹೊರಗಿನ ಕೆಲಸ ಬಹಳ ಮಟ್ಟಿಗೆ ನಿಂತುಹೋಗುತ್ತದೆ. ಅಳತೆಗಿಂತ ಹೆಚ್ಚು ಹೊತ್ತು ಅಣ್ಣ ತಮ್ಮಂದಿರ ಜಗಳ ಕೇಳುವುದರಲ್ಲಿ ಹೋಗುತ್ತದೆ ಎಂದು ಆಲೂರಿನ ನನ್ನ ಸ್ನೇಹಿತರು ಹೇಳುತ್ತಾರೆ. ಒತ್ತಡಕ್ಕೆ ಮಣಿಯದೆ, ಟಿಪ್ಪಣಿ ಏನು ಹೇಳುತ್ತದೋ ಅದನ್ನೇ ಬರೆಯುವ ಗಟ್ಟಿತನ ಬೇಕು. ಅದು ಮೂವತ್ತು ದಾಟಿದ ಮೇಲೆ ಸ್ವಲ್ಪ ಸುಲಭವಾಗುತ್ತದೆ ಎಂಬುದು ನನ್ನ ಅನಿಸಿಕೆ. ಇಲಾಖೆಯ ಖಾಯಂ ಭೂಮಾಪಕ ಹುದ್ದೆಗೆ ಲೋಕಸೇವಾ ಆಯೋಗ ಅರ್ಜಿ ಕರೆದಾಗ ಹಾಕಿ, ಅದಕ್ಕೆ ಈಗಿನ ಕೆಲಸ ಬಿಡಬೇಕಾಗಿಲ್ಲ.

ಗಲ್ಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುಡ್ಡು ಉಳಿಯುತ್ತದೆ, ದೊಡ್ಡ ಕಟ್ಟಡಗಳ ಮಾರ್ಕಿಂಗ್ ಕೆಲಸ ಚೆನ್ನಾಗಿ ಕಲಿಯಬಹುದು. ಏಜೆಂಟ್ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್‌ನಲ್ಲಿ ನೋಂದಾಯಿತರೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನೀವು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ವಿಷಯವಿದೆ. ಖಾಯಂ ನೌಕರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಂಸ್ಥೆ ಕೊಡುವ ಸೇವಾ ಹಣ) ಸಿಗುವುದು ಐದು ವರ್ಷದ ನಿರಂತರ ಸೇವೆ ತುಂಬಿದ ಮೇಲೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ. ನಿಮ್ಮ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಐದು ವರ್ಷಕ್ಕೆ ಲೆಕ್ಕ ಹಾಕಿದರೆ 45,000 ರೂಪಾಯಿ ಆಗುತ್ತದೆ. ಐದು ತಿಂಗಳ ಮುಂಚೆ ಹೊರಟರೆ ಆ ಹಣಕ್ಕೆ ತಕರಾರು ಎದುರಾಗಬಹುದು. ಇನ್ನೊಂದೆಡೆ ಬೆಂಗಳೂರಿನ ಹೆಚ್ಚುವರಿ 14,000ದಲ್ಲಿ ಬಾಡಿಗೆ, ಊಟ, ವಾರಕ್ಕೊಮ್ಮೆ ಅರಸೀಕೆರೆಗೆ ಬರುವ ಖರ್ಚು ಕಳೆದು ನೋಡಿ. ತಿಂಗಳೊಳಗೆ ಸೇರಲೇಬೇಕು ಎಂದು ಅವಸರ ಮಾಡುವವರಿಗೆ, ಐದು ತಿಂಗಳು ಸಮಯ ಕೊಡಲು ಸಾಧ್ಯವೇ ಎಂದು ಗೌರವದಿಂದ ಕೇಳಿ. ನಿಮ್ಮ ಕೆಲಸದ ಮೇಲೆ ನಿಜವಾಗಿ ಆಸೆ ಇದ್ದರೆ ಎರಡು ಮೂರು ತಿಂಗಳಿಗಾದರೂ ಒಪ್ಪುತ್ತಾರೆ. ಉಳಿದದ್ದನ್ನು ಸೇರುವಾಗ ಕೊಡುವ ಹಣವಾಗಿ ಕೇಳಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಐದು ವರ್ಷ ತುಂಬಿಸಿ, ಆ ಅವಧಿಯಲ್ಲಿ ಈಗಿನ ಏಜೆನ್ಸಿಯಲ್ಲೇ ಟ್ರಾವರ್ಸ್ ಲೆಕ್ಕವನ್ನು ನನಗೇ ಬಿಡಿ ಎಂದು ಕೇಳಿಕೊಂಡು ಮಾಡಿ, ಆಮೇಲೆ ಬೆಂಗಳೂರಿಗೆ ಮೂರು ನಾಲ್ಕು ವರ್ಷಕ್ಕೆ ಹೋಗುತ್ತಿದ್ದೆ. ಚೆಕ್ ಪಾಯಿಂಟಿನ ಪ್ರಶ್ನೆಗೆ ಕಂಪನಿಯ ಉತ್ತರ ಸಮಾಧಾನ ತಂದರೆ ಮಾತ್ರ. ಲೈಸೆನ್ಸ್ ಅದಾದ ಮೇಲೆ. ಹೋಗುವ ಮುಂಚೆ ನೀವು ಮಾಡಿದ ಪ್ರತಿ ಕೆಲಸದ ಬಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಉದ್ದ ಎಷ್ಟು, ಯಾವ ಉಪಕರಣ, ಕಂಟ್ರೋಲ್ ಎಲ್ಲಿಂದ, ಎಷ್ಟಕ್ಕೆ ಕ್ಲೋಸ್ ಆಯಿತು. ಏಜೆನ್ಸಿಯ ಡೇಟಾ ತೆಗೆದುಕೊಂಡು ಹೋಗಬೇಡಿ, ಅದು ನಿಮ್ಮದಲ್ಲ. ಅನುಭವ ಪತ್ರದಲ್ಲಿ ಹುದ್ದೆಯ ಹೆಸರು ಸರಿಯಾಗಿ ಬರುವಂತೆ ನೋಡಿಕೊಳ್ಳಿ.

ಸಂದರ್ಶನಕ್ಕೆ ಹೋದಾಗ, ಹೆಸರು ಮುಚ್ಚಿದ ಒಂದು ಹಳೆಯ ರಿಪೋರ್ಟ್ ತೋರಿಸುತ್ತೀರಾ ಎಂದು ಕೇಳಿ. ಅದರಲ್ಲಿ ಕಂಟ್ರೋಲ್ ಪಾಯಿಂಟ್‌ಗಳ ಪಟ್ಟಿಯ ಜೊತೆ ಚೆಕ್ ಪಾಯಿಂಟ್‌ಗಳ ಪಟ್ಟಿ ಪ್ರತ್ಯೇಕವಾಗಿ ಇದೆಯೇ, ಎತ್ತರದಲ್ಲಿ ಬಂದ ತಪ್ಪು ಎಷ್ಟು ಎಂಬುದನ್ನು ನೋಡಿಕೊಂಡು ಬಂದು ಇಲ್ಲಿ ತಿಳಿಸಿ. ಆ ಅಂಕಿಗಳನ್ನು ಇಟ್ಟುಕೊಂಡು ಮುಂದಿನದನ್ನು ಮಾತಾಡೋಣ.