ಮೇಷ್ಟ್ರೇ, ನೀವ್ಯಾಕೆ ನಕ್ಕಿರಿ?

ಈ ವಾರ ಬಂದ ಕಾಗದಗಳಲ್ಲಿ ಒಂದನ್ನು ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಬರೆದವರು ಸರ್ಕಾರಿ ಪ್ರೌಢಶಾಲೆಯೊಂದರ ಪಿ.ಟಿ. ಮೇಷ್ಟ್ರು. ಅವರ ಶಾಲೆಯ ಹುಡುಗಿಯರ ಖೋ ಖೋ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದಿದೆ, ಜಿಲ್ಲಾ ಮಟ್ಟದ ಪಂದ್ಯ ಹತ್ತಿರ ಬಂದಿದೆ. ಕ್ಯಾಪ್ಟನ್ ಹುಡುಗಿ ಹತ್ತನೇ ಕ್ಲಾಸು. "ಹತ್ತನೇ ಕ್ಲಾಸಿನವರನ್ನು ಕಳಿಸೋದು ಬೇಡ, ರಿಸಲ್ಟ್ ಬಿದ್ದುಹೋಗುತ್ತೆ" ಅಂತ ಹೆಡ್‌ಮಾಸ್ಟರು ಸ್ಟಾಫ್ ಮೀಟಿಂಗಿನಲ್ಲಿ ಹೇಳಿದರಂತೆ. ಗಣಿತದ ಮೇಷ್ಟ್ರು "ಖೋ ಖೋ ಆಡಿ ಯಾರು ಉದ್ಧಾರ ಆಗಿದ್ದಾರೆ ಬಿಡಿ ಸಾರ್" ಅಂತ ಒಗ್ಗರಣೆ ಹಾಕಿದರಂತೆ. ಅವತ್ತಿನಿಂದ ಹುಡುಗಿ ಮೈದಾನದ ಕಡೆ ತಲೆ ಹಾಕುತ್ತಿಲ್ಲ, ಪಿ.ಟಿ. ಮೇಷ್ಟ್ರ ಜೊತೆ ಮಾತೂ ಇಲ್ಲ. "ನಾನು ಬರೀ ಪಿ.ಟಿ. ಮೇಷ್ಟ್ರು, ಹೆಡ್‌ಮಾಸ್ಟರ ಮಾತು ಮೀರೋಕಾಗುತ್ತಾ? ಅವಳನ್ನು ಹೇಗೆ ಸಮಾಧಾನ ಮಾಡಲಿ?" ಅಂತ ಕೇಳಿದ್ದಾರೆ.

ಮೇಷ್ಟ್ರೇ, ಅಷ್ಟುದ್ದದ ಕಾಗದದಲ್ಲಿ ಒಂದು ಮಾತನ್ನು ಬ್ರಾಕೆಟ್ಟಿನೊಳಗೆ ತುರುಕಿದ್ದೀರಿ. "ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ರಿಜಿಸ್ಟರ್ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದಳು."

ಇಷ್ಟೇ ನಿಮ್ಮ ಸಮಸ್ಯೆ. ಮಿಕ್ಕಿದ್ದೆಲ್ಲ ಸುಮ್ನೆ. ಹೆಡ್‌ಮಾಸ್ಟರು ಬೇಡ ಅನ್ನಬಹುದು ಅಂತ ಹತ್ತನೇ ಕ್ಲಾಸಿನ ಯಾವ ಮಗುವಿಗೂ ಗೊತ್ತಿರುತ್ತೆ. ನೀವು ನಗುತ್ತೀರಿ ಅಂತ ಅವಳಿಗೆ ಗೊತ್ತಿರಲಿಲ್ಲ. ಅವಳು ಶಾಲೆ ಶುರುವಾಗೋ ಮೊದಲೇ ಬಂದು ಸುಣ್ಣದ ಪುಡಿ ಹಿಡಿದು ಅಂಕಣಕ್ಕೆ ಗೆರೆ ಎಳೆಯುತ್ತಾಳೆ ಅಂತ ನೀವೇ ಬರೆದಿದ್ದೀರಿ. ಕಂಬ ಹಿಡಿದು ಮುಂದಕ್ಕೆ ಜಿಗಿಯುವ ಪೋಲ್ ಡೈವ್ ಹೊಡೆದು ಮೊಣಕೈ ತರಚಿಕೊಂಡರೆ ನಲ್ಲಿಯಲ್ಲಿ ಮಣ್ಣು ತೊಳೆದುಕೊಂಡು ಮತ್ತೆ ಬಂದು ಸಾಲಿನಲ್ಲಿ ಕೂರುತ್ತಾಳಂತೆ. ಇದನ್ನೆಲ್ಲ ನೋಡಿದವರು ಆ ರೂಮಿನಲ್ಲಿ ನೀವೊಬ್ಬರೇ. ಅವಳ ಅಪ್ಪ ಅಮ್ಮ ಕೂಲಿ ಬಿಟ್ಟು ಶಾಲೆಗೆ ಬಂದು ವಾದ ಮಾಡುತ್ತಾರಾ? ಅವಳ ಪರ ಮಾತಾಡೋಕೆ ಇದ್ದದ್ದು ಒಂದೇ ಬಾಯಿ. ಅದೂ ನಕ್ಕಿತು.

ಹೆಡ್‌ಮಾಸ್ಟರನ್ನು ನಾನು ಜಾಸ್ತಿ ಬೈಯಲ್ಲ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. ಪರೀಕ್ಷಾ ಕೊಠಡಿಗಳನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ರಿಸಲ್ಟ್ ಕಡಿಮೆಯಾದರೆ ನೋಟಿಸು ಬರುವುದು ಪಾಪ ಅವರ ಹೆಸರಿಗೇ. ಹೆದರಿದ್ದಾರೆ, ಅಷ್ಟೇ.

ನನ್ನ ಸಿಟ್ಟೆಲ್ಲ ಗಣಿತದ ಮೇಷ್ಟ್ರ ಮೇಲೆ. "ಪೋರ್ಷನ್ ಬಾಕಿ ಇದೆ, ಪಿ.ಟಿ. ಪೀರಿಯಡ್ ಕೊಟ್ಟುಬಿಡಿ" ಅನ್ನುವವರ ಬಗ್ಗೆ ಇಲ್ಲಿ ಎಷ್ಟು ಸಲ ಬರೆದಿದ್ದೇನೋ! ಇವರೂ ಅದೇ ಪೈಕಿ ಅಂತ ಬೆಟ್ ಕಟ್ಟುತ್ತೇನೆ. ಖೋ ಖೋ ಆಡಿ ಯಾರು ಉದ್ಧಾರ ಆದರು ಅಂತ ಕೇಳುವವರಿಗೆ ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಎಲ್ಲಿದೆ ಅಂತ ತೋರಿಸಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರಲ್ಲ, ಆ ತಂಡದಲ್ಲಿ ಕುರುಬೂರಿನ ಬಿ. ಚೈತ್ರಾ ಇದ್ದರು. ನಿಮ್ಮ ಹುಡುಗಿ ಅಷ್ಟು ದೂರ ಹೋಗಲೇಬೇಕು ಅಂತಿಲ್ಲ. ಜಿಲ್ಲೆಯಲ್ಲಿ ಮೊದಲ ಪಂದ್ಯವೇ ಸೋತು ಬಂದರೂ ಸರಿ. ಆಡಿ ಸೋಲುವ ಹಕ್ಕು ಅವಳು ಗೆದ್ದು ಸಂಪಾದಿಸಿದ್ದು.

ಹೆಡ್‌ಮಾಸ್ಟರ ಹತ್ತಿರ ಏನು ಹೇಳಲಿ ಅಂತೀರಾ? ಪರೀಕ್ಷೆ ಇರೋದು ಮಾರ್ಚ್ ಹೊತ್ತಿಗೆ. ಜಿಲ್ಲಾ ಮಟ್ಟ ಒಂದೆರಡು ದಿನದ ಮಾತು. ಪರೀಕ್ಷೆಗಾದರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಹೈಸ್ಕೂಲು ತಂಡದಲ್ಲಿ ಆಡೋಕೆ ಅವಳಿಗೆ ಇರೋದು ಇದೊಂದೇ ವರ್ಷ. ಮುಂದಿನ ವರ್ಷ ಪಿಯುಸಿ, ಅಲ್ಲಿ ತಂಡವೇ ಬೇರೆ, ಆಯ್ಕೆಯೇ ಬೇರೆ. ಇಷ್ಟು ಸಾಕಲ್ವಾ?

ಇನ್ನು ಸಮಾಧಾನದ ವಿಷಯ. ಅವಳನ್ನು ಸಮಾಧಾನ ಮಾಡೋಕೆ ಹೋಗಲೇಬೇಡಿ. ಬುದ್ಧಿಮಾತು ಬೇಡ, "ನನ್ನ ಕೈಲೇನಿದೆ ಪುಟ್ಟಿ" ಅನ್ನೋದಂತೂ ಬೇಡವೇ ಬೇಡ. ನಾಳೆ ಅದೇ ಸ್ಟಾಫ್ ರೂಮಿನಲ್ಲಿ, ಅದೇ ಜನರ ಎದುರು ಎದ್ದು ನಿಂತು ಹೇಳಿ: "ಮೊನ್ನೆ ನಾನು ನಗಬಾರದಿತ್ತು. ಈ ಹುಡುಗಿಯನ್ನು ನಾನೇ ಕರೆದುಕೊಂಡು ಹೋಗಿ ಕರೆದುಕೊಂಡು ಬರುತ್ತೇನೆ. ತಪ್ಪಿದ ಪಾಠದ ನೋಟ್ಸ್ ಬರೆಸುವ ಜವಾಬ್ದಾರಿಯೂ ನಂದೇ." ಚೇಂಬರಿನಲ್ಲಿ ಗುಟ್ಟಾಗಿ ಕೇಳಿಕೊಂಡರೆ ಲೆಕ್ಕಕ್ಕಿಲ್ಲ. ನಕ್ಕಿದ್ದು ಎಲ್ಲರ ಎದುರು ತಾನೇ? ಅಷ್ಟಾದರೂ ಹೆಡ್‌ಮಾಸ್ಟರು ಒಪ್ಪದಿದ್ದರೆ, ಬೇಡ ಅನ್ನೋದನ್ನು ಬರವಣಿಗೆಯಲ್ಲಿ ಕೊಡಿ ಸಾರ್ ಅಂತ ವಿನಯದಿಂದಲೇ ಕೇಳಿ. ಬರೆದು ಕೊಡೋದು ಅಂದಕೂಡಲೇ ನಮ್ಮ ಆಫೀಸುಗಳಲ್ಲಿ ಅರ್ಧ ಜನ ಮೆತ್ತಗಾಗುತ್ತಾರೆ.

ಎಂಟ್ರಿ ಫಾರ್ಮನ್ನು ಅವಳ ಹೆಸರು, ಹುಟ್ಟಿದ ತಾರೀಖು ಎಲ್ಲ ತುಂಬಿಸಿಯೇ ತೆಗೆದುಕೊಂಡು ಹೋಗಿ. ಸಹಿಗೆ ಪೆನ್ನೂ ನಿಮ್ಮದೇ ಇರಲಿ.