ಆಫೀಸಿನ ಗುಂಪಿಗೆ ಸೇರಲೇ?

ಪ್ರಶ್ನೆ: ನಾನು ಸಲಿಂಗಿ ಮಹಿಳೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಆಫೀಸಿನಲ್ಲಿ ಯಾರಿಗೂ ಹೇಳಿಕೊಂಡಿಲ್ಲ. ಈಗ ಎಲ್‌ಜಿಬಿಟಿ (ಸಲಿಂಗಿ, ಟ್ರಾನ್ಸ್‌ಜೆಂಡರ್ ಮೊದಲಾದ) ಉದ್ಯೋಗಿಗಳಿಗಾಗಿ ಒಂದು ಬೆಂಬಲ ಗುಂಪು ಶುರುವಾಗುತ್ತಿದೆ. ‘ಕೆಲಸ ಮಾಡೋಕೆ ಬಂದವರಿಗೆ ಇದೆಲ್ಲ ಯಾಕೆ?’ ಎಂದು ಮ್ಯಾನೇಜರ್ ಎಲ್ಲರೆದುರೇ ಅಂದರು. ಇಂಥ ಗುಂಪಿನಿಂದ ನಿಜಕ್ಕೂ ಉಪಯೋಗ ಇದೆಯೇ? ಸೇರಿದರೆ ಎಲ್ಲರಿಗೂ ಗೊತ್ತಾಗಿಬಿಡುವುದಿಲ್ಲವೇ?
– ಹೆಸರು ಬೇಡ

ಉತ್ತರ: ಮೊದಲು ನಿಮ್ಮ ಭಯದ ಮಾತು. ಸೇರುವ ಮುಂಚೆಯೇ ಗುಂಪು ನಡೆಸುವವರನ್ನು ವಿಚಾರಿಸಿ. ಸದಸ್ಯರ ಪಟ್ಟಿ ಯಾರ ಕೈಯಲ್ಲಿರುತ್ತದೆ? ಮೀಟಿಂಗಿನ ಹೆಸರು ಆಫೀಸ್ ಕ್ಯಾಲೆಂಡರಿನಲ್ಲಿ ಬೇರೆಯವರಿಗೆ ಕಾಣುತ್ತದೆಯೇ? ಈ ಎರಡನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ಎಲ್‌ಜಿಬಿಟಿ ಅಲ್ಲದ ಸ್ನೇಹಿತರನ್ನೂ ಸೇರಿಸಿಕೊಳ್ಳುವ ಗುಂಪಾದರೆ ಇನ್ನೂ ಒಳ್ಳೆಯದು. ಪಟ್ಟಿಯಲ್ಲಿ ಹೆಸರು ಕಂಡಷ್ಟಕ್ಕೆ ಯಾರೂ ಏನೂ ಊಹಿಸಲಾಗದು. ಸರಿಯಾದ ಉತ್ತರ ಸಿಗದಿದ್ದರೆ ಸದ್ಯಕ್ಕೆ ದೂರವೇ ಇರಿ. ಹೇಳಿಕೊಳ್ಳುವುದೋ ಬಿಡುವುದೋ ಪೂರ್ತಿ ನಿಮ್ಮ ಇಷ್ಟ.

ಇನ್ನು ಉಪಯೋಗ. ನಾನೂ ಸಲಿಂಗಿ, ಆಫೀಸಿನಲ್ಲಿ ಇಂಥದೇ ಗುಂಪು ನಡೆಸಿದವನು. ಮನಸ್ಸು ಬಿಚ್ಚಿ ಮಾತಾಡಲು ಜಾಗ ಸಿಗುತ್ತದೆ, ಅದೇ ದೊಡ್ಡದು. ಆದರೆ ನಮ್ಮಲ್ಲಿಗೆ ಬರುತ್ತಿದ್ದ ಪ್ರಶ್ನೆಗಳನ್ನು ಕೇಳಿ. ಆರೋಗ್ಯ ವಿಮೆಗೆ ನನ್ನ ಸಂಗಾತಿಯನ್ನು ಸೇರಿಸಬಹುದಾ? ಹೆಸರು ಬದಲಿಸಿಕೊಂಡಿದ್ದೇನೆ, ಈಮೇಲ್‌ನಲ್ಲಿ ಇನ್ನೂ ಹಳೇ ಹೆಸರೇ ಬರುತ್ತಿದೆ, ಯಾರಿಗೆ ಹೇಳಲಿ? ಸಲಿಂಗ ಸಂಬಂಧಕ್ಕೆ ಜೈಲು ಇರುವ ದೇಶಕ್ಕೆ ಕಂಪನಿ ಕೆಲಸದ ಮೇಲೆ ಕಳಿಸುತ್ತಿದೆ, ಬೇಡ ಅನ್ನೋದು ಹೇಗೆ? ಇದನ್ನೆಲ್ಲ ಒಬ್ಬರೇ ಹೋಗಿ ಎಚ್‌ಆರ್ ಮುಂದೆ ಕೇಳಿದರೆ ಅವರ ಖಾಸಗಿ ಬದುಕು ಅಲ್ಲೇ ಬಯಲಾಗುತ್ತದೆ. ಗುಂಪು ಕೇಳಿದರೆ, ಕೇಳಿದ್ದು ಯಾರು ಅನ್ನೋದೇ ಗೊತ್ತಾಗುವುದಿಲ್ಲ. ನನ್ನ ಪ್ರಕಾರ ಗುಂಪು ಬೇಕಾಗುವುದೇ ಇದಕ್ಕೆ.

ಉದ್ಯೋಗಿಗಳು ಜೊತೆಯಾಗಿ ಪಟ್ಟು ಹಿಡಿದರೆ ನಿಯಮಗಳೇ ಬದಲಾಗುತ್ತವೆ. ಅಮೆರಿಕದ ಲೋಟಸ್ ಸಾಫ್ಟ್‌ವೇರ್ ಕಂಪನಿ ಸಲಿಂಗಿ ಉದ್ಯೋಗಿಗಳ ಸಂಗಾತಿಗಳಿಗೂ ವಿಮೆ ಸೌಲಭ್ಯ ಕೊಟ್ಟಿದ್ದು 1991ರಲ್ಲಿ. ಕೇಳಿದ್ದು ಅಲ್ಲಿನ ಉದ್ಯೋಗಿಗಳೇ. ಆ ದೇಶದ ಎಲ್ಲ ಕಡೆ ಸಲಿಂಗ ಮದುವೆಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ. ಕಾನೂನಿಗೆ ಕಾಯುತ್ತಾ ಕೂತಿದ್ದರೆ ಎಷ್ಟು ಜನರ ಆಸ್ಪತ್ರೆ ಖರ್ಚು ಅವರ ತಲೆಯ ಮೇಲೇ ಬೀಳುತ್ತಿತ್ತು, ಅಲ್ವಾ?

ನಿಮ್ಮ ಮ್ಯಾನೇಜರ್ ಮಾತಿಗೆ ಬರೋಣ. ಅಮೆರಿಕದ ಟ್ರಾನ್ಸ್‌ಜೆಂಡರ್ ಎಂಜಿನಿಯರ್ ಲಿನ್ ಕಾನ್ವೇ ಕೂಡ ಕೆಲಸ ಮಾಡಲೆಂದೇ ಕಂಪ್ಯೂಟರ್ ಕಂಪನಿ ಐಬಿಎಂಗೆ ಹೋಗಿದ್ದರು. ಹೆಣ್ಣಾಗಿ ಬದುಕುತ್ತೇನೆ ಎಂದಿದ್ದಕ್ಕೆ 1968ರಲ್ಲಿ ಕೆಲಸ ಕಳೆದುಕೊಂಡರು. ಹಳೆಯದನ್ನೆಲ್ಲ ಮುಚ್ಚಿಟ್ಟು ಬೇರೆ ಕಡೆ ಮೊದಲಿನಿಂದ ಶುರು ಮಾಡಿದರು. ಕಂಪ್ಯೂಟರ್ ಚಿಪ್ ವಿನ್ಯಾಸ ಮಾಡುವ ರೀತಿಯನ್ನೇ ಬದಲಿಸಿದವರಲ್ಲಿ ಅವರೂ ಒಬ್ಬರು. ಐಬಿಎಂ ಕ್ಷಮೆ ಕೇಳಿದ್ದು 2020ರಲ್ಲಿ! ಅವರ ಪರವಾಗಿ ಮಾತಾಡಲು ಆ ಹೊತ್ತಿಗೆ ಒಳಗೆ ನಾಲ್ಕು ಜನ ಇರಬೇಕಿತ್ತು ಎಂದು ಈಗಲೂ ಸಂಕಟವಾಗುತ್ತದೆ.

ಒಂದು ಎಚ್ಚರಿಕೆ. ವರ್ಷಕ್ಕೊಮ್ಮೆ ಕಾಮನಬಿಲ್ಲಿನ ಬಾವುಟ ಹಿಡಿದು ಫೋಟೊ ತೆಗೆಸಿಕೊಂಡು ಸುಮ್ನಾಗುವ ಗುಂಪುಗಳೂ ಇವೆ. ನಿಯಮ ಬದಲಿಸುವ ಅಧಿಕಾರ ಇರುವವರು ಯಾರಾದರೂ ನಿಮ್ಮ ಗುಂಪಿನ ಮಾತು ಕೇಳುತ್ತಾರಾ, ನೋಡಿಕೊಳ್ಳಿ.

ಮ್ಯಾನೇಜರ್‌ಗೆ ನೀವೇ ಎದುರು ಮಾತಾಡಬೇಕಿಲ್ಲ. ಅವರು ಅಂದಿದ್ದನ್ನು ಗುಂಪಿನವರಿಗೆ ತಿಳಿಸಿ. ನಿಮ್ಮ ಹೆಸರು ಎತ್ತದೆ ಅವರೇ ಎಚ್‌ಆರ್‌ಗೆ ಮುಟ್ಟಿಸಲಿ.