ಕೋರ್ಟಿಗೆ ಹೋಗದ ಲಾ ಓದು ಯಾಕೆ?

ಪ್ರಶ್ನೆ: ಮಗಳು ಹುಬ್ಬಳ್ಳಿಯಲ್ಲಿ ಐದು ವರ್ಷದ ಲಾ ಮುಗಿಸಿದ್ದಾಳೆ. ಧಾರವಾಡ ಹೈಕೋರ್ಟ್ ಪೀಠದಲ್ಲಿ ಒಳ್ಳೇ ಸೀನಿಯರ್ ಹತ್ತಿರ ಸೇರು ಅಂದರೆ ಒಲ್ಲೆ ಅನ್ನುತ್ತಾಳೆ. ಅಂತರರಾಷ್ಟ್ರೀಯ ಕಾನೂನಿನ ಸಂಶೋಧನಾ ಸಂಸ್ಥೆಗೆ ಹೋಗಬೇಕಂತೆ. ಅಲ್ಲಿ ಕೇಸೂ ಇಲ್ಲ, ಕಕ್ಷಿದಾರರೂ ಇಲ್ಲ. ಮತ್ತೆ ಮಾಡೋದೇನು? ನಮ್ಮಂಥ ರೈತರಿಗೆ ಅದರಿಂದ ಏನು ಉಪಯೋಗ?
– ಓದುಗರೊಬ್ಬರು, ನವಲಗುಂದ

ಉತ್ತರ: ಮಗಳನ್ನು ತಡೆಯಬೇಡಿ ಸರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಧಾರವಾಡದಲ್ಲಿ ನನಗೆ ಗುರುತಿರುವ ಹಿರಿಯ ವಕೀಲರೊಬ್ಬರ ಕಪಾಟಿನಲ್ಲಿ ಸುಪ್ರೀಂ ಕೋರ್ಟಿನ ಕೇಶವಾನಂದ ಭಾರತಿ ತೀರ್ಪಿನ ಹಳೇ ಪ್ರತಿ ಇದೆ. ಬೆನ್ನು ಕಿತ್ತು ಬಂದಿದೆ, ದಾರ ಸುತ್ತಿ ಇಟ್ಟಿದ್ದಾರೆ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಬರೆದ ಭಾಗದಲ್ಲಿ ಒಂದು ಹೆಸರಿನ ಕೆಳಗೆ ಪೆನ್ಸಿಲ್ ಗೆರೆ: ಕಾನ್ರಾಡ್. ಯಾರಿವರು ಅಂತ ಕೇಳಿದೆ.

ಡೀಟ್ರಿಶ್ ಕಾನ್ರಾಡ್ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆಯವರು. 1965ರ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಬಂದು ಒಂದು ಉಪನ್ಯಾಸ ಕೊಟ್ಟರು. ಮೂರನೇ ಎರಡರಷ್ಟು ಬಹುಮತ ಇದೆ ಅಂತ ಸಂಸತ್ತು ಸಂವಿಧಾನವನ್ನೇ ತೆಗೆದುಹಾಕಿ ಮೊಘಲ್ ಬಾದಶಹನನ್ನು ವಾಪಸ್ ತರಬಹುದಾ ಅಂತ ಕೇಳಿದರು. ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಅದು. ಹಿಟ್ಲರ್ ಕಾಲ ನೋಡಿದ ದೇಶ ಅವರದು, ಅದಕ್ಕೇ 1949ರ ಜರ್ಮನ್ ಸಂವಿಧಾನದ 79(3)ನೇ ವಿಧಿ ಎಷ್ಟೇ ಬಹುಮತ ಇದ್ದರೂ ಕೆಲವನ್ನು ಮುಟ್ಟಬೇಡಿ ಅನ್ನುತ್ತದೆ. ಆ ವಾದ ವಕೀಲ ಎಂ.ಕೆ. ನಂಬಿಯಾರ್ ಕೈಸೇರಿ ಸಂಸತ್ತು ಮೂಲಭೂತ ಹಕ್ಕುಗಳನ್ನು ತಿದ್ದಬಹುದಾ ಅನ್ನುವ 1967ರ ಗೋಲಕ್‌ನಾಥ್ ಕೇಸಿನಲ್ಲಿ ಕೋರ್ಟ್ ಮೆಟ್ಟಿಲು ಹತ್ತಿತು. 1973ರ ಏಪ್ರಿಲ್ 24ರಂದು, ಕಾಸರಗೋಡು ಕಡೆಯ ಎಡನೀರು ಮಠದ ಸ್ವಾಮೀಜಿ ಕೇಶವಾನಂದ ಭಾರತಿ ಹಾಕಿದ್ದ ಕೇಸಿನಲ್ಲಿ, 13 ನ್ಯಾಯಮೂರ್ತಿಗಳ ಪೈಕಿ 7 ಜನ, ಸಂಸತ್ತು ತಿದ್ದುಪಡಿ ಮಾಡಿ ಸಂವಿಧಾನದ ಮೂಲ ಸ್ವರೂಪ ಕೆಡಿಸುವ ಹಾಗಿಲ್ಲ ಅಂದರು.

ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದ್ದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದು ನಿಮಗೆ ನೆನಪಿರಬೇಕು. 1994ರಲ್ಲಿ 9 ನ್ಯಾಯಮೂರ್ತಿಗಳು ಆ ಕೇಸಿನ ತೀರ್ಪು ಕೊಟ್ಟಾಗ ಊರಿದ್ದು ಇದೇ ಮೂಲ ಸ್ವರೂಪದ ಮೇಲೆ. ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ನೋಡಬೇಕು ಅನ್ನೋದೂ ಆ ತೀರ್ಪೇ.

ಇನ್ನು ನೀರು. ಮಹದಾಯಿಗಾಗಿ ರಸ್ತೆಗಿಳಿದ ಊರಿನವರು ನೀವು, ನಿಮಗೆ ಜಾಸ್ತಿ ಹೇಳಬೇಕಿಲ್ಲ. 1966ರಲ್ಲಿ ಅಂತರರಾಷ್ಟ್ರೀಯ ಕಾನೂನು ಸಂಘದ ವಿದ್ವಾಂಸರು ಹೆಲ್ಸಿಂಕಿಯಲ್ಲಿ ಸೇರಿ ದೇಶಗಳ ನಡುವೆ ನದಿ ಹಂಚುವ ನಿಯಮ ಒಪ್ಪಿದರು. ಮಳೆ ಎಷ್ಟು, ಹಿಂದಿನಿಂದ ಬಳಸಿದ್ದೆಷ್ಟು, ಎಷ್ಟು ಜನ ಅದನ್ನೇ ನಂಬಿದ್ದಾರೆ, ಬೇರೆ ನೀರು ಇದೆಯಾ, ಇವೆಲ್ಲ ನೋಡಬೇಕು ಅಂದರು. ಯಾವ ಸರ್ಕಾರವೂ ಸಹಿ ಹಾಕಿದ ಒಪ್ಪಂದ ಅಲ್ಲ ಅದು. ಆದರೂ 2018ರ ಫೆಬ್ರವರಿಯ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ಎತ್ತಿಕೊಂಡಿತು.

ಹೀಗೆ ಹತ್ತು ದೇಶದ ಕಾನೂನು ಪಕ್ಕಪಕ್ಕ ಇಟ್ಟು ಓದಿ, ನಾಳೆ ಬರುವ ಕೇಸಿಗೆ ಇವತ್ತೇ ವಾದ ಸಿದ್ಧ ಮಾಡುವುದು ಮಗಳು ಹೇಳುವಂಥ ಸಂಶೋಧನಾ ಸಂಸ್ಥೆಗಳ ಕೆಲಸ. ಹೈಡೆಲ್‌ಬರ್ಗ್‌ನಲ್ಲೇ ಇರುವ, ಅಂತರರಾಷ್ಟ್ರೀಯ ಕಾನೂನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಬರ್ಲಿನ್‌ನಲ್ಲಿ 1924ರಲ್ಲಿ ಶುರುವಾದಾಗಿನಿಂದ ಮಾಡುತ್ತಿರುವುದು ಇದನ್ನೇ. ಮಗಳು ಮೊದಲು ದೆಹಲಿಯ ಭಾರತೀಯ ಅಂತರರಾಷ್ಟ್ರೀಯ ಕಾನೂನು ಸೊಸೈಟಿಯ ಕೋರ್ಸುಗಳನ್ನು ವಿಚಾರಿಸಲಿ. ಜರ್ಮನ್ ಕಲಿಯುವುದನ್ನೂ ಈಗಲೇ ಶುರು ಮಾಡಲಿ.

ಪ್ರಶ್ನೆ: ಇಂಥ ಸಂಸ್ಥೆಗಳು ಬರೆದದ್ದನ್ನು ಕೋರ್ಟು ಒಪ್ಪಲೇಬೇಕಾ?
– ಕಾನೂನು ವಿದ್ಯಾರ್ಥಿ, ಗದಗ

ಉತ್ತರ: ಇಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೇ ವಿಧಿ ತೆಗೆದು ನೋಡಿ. ವಿದ್ವಾಂಸರ ಬರಹಕ್ಕೆ ಅಲ್ಲಿ ಜಾಗ ಇದೆ, ಪೂರಕವಾಗಿ ಅಷ್ಟೇ. ಕಾನ್ರಾಡ್ ಮಾತನ್ನು ಖನ್ನಾ ಒಪ್ಪಿ ಬರೆದುಕೊಂಡರು. ಅದೇ ಪೀಠದ 6 ಜನ ಆ ದಾರಿ ಹಿಡಿಯಲಿಲ್ಲ.